ಆಪಾಳ ಬಲಗೈ

ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹೆಂಗಸರೆಲ್ಲ ರೇಷ್ಮೆ ನೂಲು ತೆಗೆದೇ ಬದುಕಿದವರು. ಅಮ್ಮಿ, ಅಕ್ಕ, ಆಮೇಲೆ ನಾನು. ಅಕ್ಕನನ್ನು ಮನೆಯಲ್ಲಿ ಆಪಾ ಅನ್ನುತ್ತಿದ್ದೆವು. ಎಂಬತ್ತರ ದಶಕದ ಕೊನೆಯಲ್ಲಿ ಅವಳ ಪಕ್ಕದಲ್ಲೇ ಕೂತು ನಾನು ಕೆಲಸ ಕಲಿತೆ. ಹೊಗೆಯಾಡುವ ಬಿಸಿನೀರಿನ ಬೇಸಿನ್ನಿಗೆ ರೇಷ್ಮೆಗೂಡು ಹಾಕಿ, ಬರಿಗೈ ಅದ್ದಿ, ಎಳೆಯ ತುದಿ ಹುಡುಕಿ ಮೇಲೆ ತಿರುಗುವ ಸಣ್ಣ ರಾಟೆಗೆ ಕೊಡಬೇಕು. ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಾಗ ನೂಲಿನ ಕಾರ್ಖಾನೆಯ ಸಾಹುಕಾರರು ನೋಡಿ, "ಅಭ್ಯಾಸ ಆಗುತ್ತೆ ಬಿಡಮ್ಮ," ಅಂದರು.

ಯಾರಿಗೂ ಅಭ್ಯಾಸ ಆಗಲಿಲ್ಲ. ಆಪಾಳ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗೆ ಉಬ್ಬಿರುತ್ತಿದ್ದವು. ಉಗುರಿನ ಬುಡದಲ್ಲಿ ಕೀವು, ಸಂದಿಯಲ್ಲಿ ಬಿರುಕು. ಸಾರಿನ ಖಾರ ತಗುಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೇ ಅವಳು ಚಮಚದಲ್ಲಿ ಊಟ ಮಾಡುತ್ತಿದ್ದಳು. ನೆಂಟರು "ಮೇಮ್ಸಾಬ್ ಬಂದ್ಳು ನೋಡಿ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಸಾಹುಕಾರರು ಹೊಸ ಮೆಷಿನ್ ತಂದರು. ತೆಗೆದ ನೂಲನ್ನು ದೊಡ್ಡ ರಾಟೆಗೆ ಸುತ್ತುವಂಥದ್ದು, ಮೋಟಾರಿನಿಂದ ಬೆಲ್ಟು ಓಡುತ್ತಿತ್ತು. ಬೆಲ್ಟಿನ ಮೇಲೆ ಒಂದು ತಗಡಿನ ಮುಚ್ಚಳವಿತ್ತು. ಬೆಲ್ಟು ಜಾರಿದಾಗಲೆಲ್ಲ ಅದನ್ನು ಬಿಚ್ಚಬೇಕು, ಕೆಲಸ ನಿಲ್ಲುತ್ತದೆ ಎಂದು ಕೆಲವೇ ದಿನದಲ್ಲಿ ಕಿತ್ತು ಹಿತ್ತಲಿಗೆ ಹಾಕಿಸಿದರು. ಸೌದೆ ನೆನೆಯದ ಹಾಗೆ ಅದನ್ನು ಮೇಲೆ ಮುಚ್ಚಿದ್ದರು. ನಮ್ಮ ಕೈಗಿಂತ ಸೌದೆಯ ಬೆಲೆ ಹೆಚ್ಚು!

ನಮ್ಮ ಜೊತೆ ಪಕ್ಕದ ಹಳ್ಳಿಯಿಂದ ಬಸ್ಸಲ್ಲಿ ಬರುತ್ತಿದ್ದ ಒಕ್ಕಲಿಗರ ಅಕ್ಕ ಒಬ್ಬರಿದ್ದರು, ಬಾಯಿ ಜೋರು. ಅವರು ಮುಖಕ್ಕೆ ಹೊಡೆದಂತೆ ಹೇಳಿದರು: "ಸಾಹುಕಾರ್ರೇ, ಇದು ಯಾರನ್ನಾದ್ರೂ ಎಳ್ಕೊಳ್ಳುತ್ತೆ ನೋಡ್ತಾ ಇರಿ. ಆ ತಗಡು ಹಾಕ್ಸಿ."

"ಕಣ್ಣು ಬಿಟ್ಕೊಂಡು ಕೆಲ್ಸ ಮಾಡಿದ್ರೆ ಏನೂ ಆಗಲ್ಲ ಕಣಮ್ಮ."

ಆಪಾ ಕಣ್ಣು ಬಿಟ್ಟುಕೊಂಡೇ ಇದ್ದಳು. ಅವತ್ತು ಬೆಳಿಗ್ಗೆಯಿಂದ ನೀರಲ್ಲಿದ್ದ ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಮೆಷಿನ್ನಿನಲ್ಲಿ ಹರಿದ ಎಳೆ ಹಿಡಿಯಲು ಬಗ್ಗಿದಾಗ ದುಪಟ್ಟದ ತುದಿ ಬೆಲ್ಟಿಗೆ ಸಿಕ್ಕಿತು, ಅದನ್ನು ಬಿಡಿಸಲು ಹೋದ ಕೈಯೂ ಒಳಗೆ ಹೋಯಿತು. ಅವಳು ಕಿರುಚಿದ್ದು ಮೋಟಾರಿನ ಸದ್ದಿನಲ್ಲಿ ನನಗೆ ಅರ್ಧ ಕೇಳಿಸಿತು. ಸ್ವಿಚ್ಚು ಎಲ್ಲಿತ್ತು ಗೊತ್ತೇ? ಅಂಗಳದಾಚೆ, ಸಾಹುಕಾರರ ಕೋಣೆಯ ಬಾಗಿಲ ಪಕ್ಕ. ನಾನು ಒದ್ದೆ ನೆಲದಲ್ಲಿ ಜಾರಿ ಬಿದ್ದು ಎದ್ದು ಓಡಿದೆ. ಮೋಟಾರು ನಿಲ್ಲುವಷ್ಟರಲ್ಲಿ ಹಳ್ಳಿಯ ಅಕ್ಕ ಸೌದೆ ಕೋಲಿನಿಂದ ಬೆಲ್ಟನ್ನು ಕೆಳಗೆ ಕೆಡವಿ ಆಪಾಳನ್ನು ತಬ್ಬಿ ಹಿಡಿದಿದ್ದರು.

ಸಾಹುಕಾರರು ಕಾಫಿಪುಡಿ ತಂದು ಗಾಯಕ್ಕೆ ಸುರಿದರು. "ಆಸ್ಪತ್ರೆಗೆ ಹೋದ್ರೆ ಪೊಲೀಸು, ಕೇಸು ಅಂತಾರೆ. ಮೂಳೆ ಕಟ್ಟೋರ ಹತ್ರ ಹೋಗಿ, ಸರಿಹೋಗುತ್ತೆ." ಕಟ್ಟುವವನು ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಸುತ್ತಿ ಕಳಿಸಿದ. ಬೆರಳು ಊದಿ ನೀಲಿಗಟ್ಟಿತು. "ಬಿಚ್ಚಬಾರ್ದು ಅಂದಿದಾರೆ, ತಡ್ಕೋ ಬೇಟಾ," ಎಂದು ಅಮ್ಮಿ ಅವಳ ತಲೆ ಸವರುತ್ತಾ ಕೂತಳು. ಆಪಾ ಗೋಡೆಗೆ ಹಣೆ ಒತ್ತಿಕೊಂಡು ನರಳುತ್ತಿದ್ದಳು. ಕೆಲವು ದಿನ ನೋಡಿ, ಕೊನೆಗೆ ನಾನೇ ಕತ್ತರಿ ತಂದು ಕಟ್ಟು ಕತ್ತರಿಸಿ ಹಾಕಿ, ಅವಳನ್ನು ಬಸ್ಸಲ್ಲಿ ಚಿಂತಾಮಣಿಯ ಆಸ್ಪತ್ರೆಗೆ ಕರಕೊಂಡು ಹೋದೆ.

ಅಲ್ಲಿನ ಡಾಕ್ಟರು ಕೈ ನೋಡಿ ಆಪಾಳಿಗೇ ಬೈದರು. "ಇಷ್ಟು ದಿನ ಏನಮ್ಮ ಮಾಡ್ತಿದ್ರಿ? ಅವತ್ತೇ ಬರೋಕೆ ಏನಾಗಿತ್ತು?"

"ಅವಳಿಗೆ ಯಾಕೆ ಬೈತೀರಾ? ಕಳಿಸದೇ ಇದ್ದೋರನ್ನ ಕರೆಸಿ ಬೈಯಿರಿ!" ಎಂದು ನಾನು ಕೂಗಿದೆ. ಸಾಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಗಾಯ ತೊಳೆಯತೊಡಗಿದರು. ಕೈ ಉಳಿಯಿತು. ಗಾಯ ಮಾಗಿದ ಮೇಲೆ ಅಲ್ಲಿನ ನರ್ಸಮ್ಮ ದಿನಾ ಏನು ಮಾಡಬೇಕೆಂದು ಹೇಳಿಕೊಟ್ಟರು: ಮಲಗುವಾಗ ಕೈ ದಿಂಬಿನ ಮೇಲಿಡು, ಬಟ್ಟೆಯ ಉಂಡೆ ಹಿಸುಕು, ಬೆಚ್ಚನೆ ನೀರಲ್ಲಿ ಅದ್ದಿ ಒಂದೊಂದೇ ಬೆರಳು ಮಡಿಸು. "ಮತ್ತೆ ನೀರಾ?" ಎಂದು ಆಪಾ ನಕ್ಕಳು, ನಗುತ್ತಲೇ ಅತ್ತುಬಿಟ್ಟಳು.

ನಾನು ಕೆಲಸಕ್ಕೆ ವಾಪಸ್ಸು ಹೋದ ಬೆಳಿಗ್ಗೆ ಹಳ್ಳಿಯ ಅಕ್ಕನಿಗೆ ಎಲ್ಲ ಹೇಳಿದೆ. ಅವರು ಸೆರಗು ಸಿಕ್ಕಿಸಿ ಎದ್ದು ನಿಂತರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದೆವು. ಬೇಸಿನ್ನಿನಲ್ಲಿ ಗೂಡು ಬೇಯುತ್ತಿತ್ತು, ಹೆಚ್ಚು ಬೆಂದರೆ ನೂಲು ಬರುವುದಿಲ್ಲ.

"ಏನ್ರಮ್ಮಾ ಇದು, ಗೂಡು ಹಾಳಾಗುತ್ತೆ!" ಸಾಹುಕಾರರು ಓಡಿ ಬಂದರು.

"ಆಗ್ಲಿ. ತಗಡು ಬರ್ಬೇಕು, ಸ್ವಿಚ್ಚು ಕೈಗೆಟುಕೋ ಹಾಗಿರ್ಬೇಕು. ಗೂಡು ಎತ್ತೋಕೆ ಜಾಲರಿ ಸೌಟು ಕೊಡ್ಸಿ. ಕೈಗೆ ಹಚ್ಕೊಳ್ಳೋಕೆ ಕೊಬ್ಬರಿ ಎಣ್ಣೆ ಇಡ್ಸಿ. ಆಮೇಲೆ ಕೂತ್ಕೋತೀವಿ," ಅಂದರು ಹಳ್ಳಿಯ ಅಕ್ಕ.

"ಹೆಂಗಸ್ರು ನನಗೆ ಕಾನೂನು ಹೇಳ್ತೀರಾ?"

"ಹೇಳ್ತೀವಿ," ಅಂದೆ ನಾನು. ಯಾರೂ ಕೂರಲಿಲ್ಲ.

ಗೂಡು ಹೆಚ್ಚು ಬೆಂದು ವಾಸನೆ ಬದಲಾದಾಗ ಸಾಹುಕಾರರೇ ಹಿತ್ತಲಿಗೆ ಹೋಗಿ ತಗಡು ಎಳೆದು ತಂದರು. ವಾರದೊಳಗೆ ಸ್ವಿಚ್ಚೂ ಬಂತು, ಸೌಟೂ ಬಂತು. ಎಣ್ಣೆ ಮಾತ್ರ ನಾವು ಪದೇ ಪದೇ ಕೇಳಿದ ಮೇಲೆ ಬಂತು. ಆಮೇಲೆ ಅಲ್ಲಿ ಇನ್ಯಾರ ಕೈಯೂ ಮೆಷಿನ್ನಿಗೆ ಸಿಗಲಿಲ್ಲ. ಒಂದು ತಗಡು ಜಾಗದಲ್ಲಿರಲು ನನ್ನ ಅಕ್ಕನ ಕೈ ಊನವಾಗಬೇಕಾಯಿತಲ್ಲ ಎಂಬ ಸಿಟ್ಟು ನನಗಿನ್ನೂ ಇದೆ.

ಆಪಾ ಮತ್ತೆ ಬೇಸಿನ್ನಿನ ಮುಂದೆ ಕೂರಲಿಲ್ಲ. ಮದುವೆಯಾಗಿ ಗೌರಿಬಿದನೂರಿಗೆ ಹೋದಳು. ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಮಗಳಿಗೆ ಜಡೆ ಹೆಣೆಯಲು ಪಕ್ಕದ ಮನೆಯವಳನ್ನು ಕರೆಯುತ್ತಿದ್ದಳು. ನೆಂಟರು ಬಂದಾಗ ಅವಳ ಕೈ ನೋಡಿ "ನಸೀಬು ಕಣಮ್ಮ" ಅಂತ ನಿಟ್ಟುಸಿರು ಬಿಟ್ಟರೆ, ನಾನು ಅಲ್ಲಿಂದ ಎದ್ದು ಹೋಗುವುದಿಲ್ಲ. ಕೂತು, ಆ ಮೆಷಿನ್ನಿನ ಕಥೆಯನ್ನು ಮೊದಲಿಂದ ಹೇಳುತ್ತೇನೆ. ಅವರಿಗೆ ಬೇಸರವಾದರೂ ಸರಿಯೇ.