ನಾಗಶ್ರೀ ಕುಂತೂರಿಗೆ ಹೋಗಿ ನೋಡಿದ್ದು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಶಿವಕುಮಾರಸ್ವಾಮಿಯವರ ಸಾಫ್ಟ್‌ವೇರ್ ಆಫೀಸಿದೆ. ಆಫೀಸು ಅಂದಕೂಡಲೇ ಗಾಜಿನ ಬಾಗಿಲು, ಲಿಫ್ಟು ಅಂತೆಲ್ಲ ನೆನೆಸಿಕೊಳ್ಳಬೇಡಿ. ನಾಲ್ಕು ಕುರ್ಚಿ, ಒಂದು ಯುಪಿಎಸ್ಸು, ಬಿಸಿಲು ತಡೆಯಲು ಕಿಟಕಿಗೆ ಕಟ್ಟಿದ ಹಳೇ ಸೀರೆ, ಇಷ್ಟೇ. ಅಲ್ಲಿ ಕೂತು ನಮ್ಮ ನಾಗಶ್ರೀ ಜಾವಾದಲ್ಲಿ ಪ್ರೋಗ್ರಾಮ್ ಬರೆಯುತ್ತಾಳೆ. ಯಳಂದೂರು ತಾಲ್ಲೂಕಿನ ಅಗರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ತಾಯಿ ಪುಟ್ಟಮಲ್ಲಮ್ಮನನ್ನು ಕೇಳಿದರೆ ಮಗಳು ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ ಅನ್ನುತ್ತಾರೆ. ಆ ಮಾತು ನಂಬಿಕೊಂಡು ನೆಂಟರಿಷ್ಟರೆಲ್ಲ ಕೆಟ್ಟ ಪ್ರಿಂಟರು, ನೀರು ಬಿದ್ದ ಮೊಬೈಲು ತಂದು ಜಗುಲಿಯ ಮೇಲಿಟ್ಟು ಹೋಗುತ್ತಾರೆ. ನಾಗಶ್ರೀ ಎಷ್ಟು ಸಲ ತಿಳಿಹೇಳಿದರೂ ಪ್ರಯೋಜನವಿಲ್ಲ.

ಅವಳ ಕೆಲಸ ಏನೆಂದು ನಾನೇ ಹೇಳಿಬಿಡುತ್ತೇನೆ. ಪರದೆಯ ಮೇಲೆ ಕಾಣುವ ಬಟನ್ನು, ಹೆಸರು ತುಂಬುವ ಚೌಕ, ಕೋಷ್ಟಕ, ಇವನ್ನೆಲ್ಲ ತುಂಡು ತುಂಡಾಗಿ ಮೊದಲೇ ಮಾಡಿಟ್ಟಿರುವ ಒಂದು ಫ್ರೇಮ್‌ವರ್ಕ್ ಜಾವಾದಲ್ಲಿದೆ. ಬೇಕಾದ ತುಂಡುಗಳನ್ನು ಜೋಡಿಸಿ, ಯಾವುದನ್ನು ಒತ್ತಿದರೆ ಏನಾಗಬೇಕೆಂದು ಬರೆದರೆ ವೆಬ್ ಪುಟ ಸಿದ್ಧ. ಕೇಳುವುದಕ್ಕೆ ಸುಲಭ, ಆದರೆ ಅದಕ್ಕೂ ಆಗಾಗ ನೆಗಡಿ ಕೆಮ್ಮು ಬರುತ್ತಿರುತ್ತದೆ. ಬಟನ್ ಒತ್ತಿದರೆ ಕಮಕ್ ಕಿಮಕ್ ಅನ್ನುವುದಿಲ್ಲ. ನೋಡಿದರೆ ಎಲ್ಲೋ ಒಂದು ಚೌಕ ಖಾಲಿ ಬಿಟ್ಟಿರುತ್ತಾರೆ, ಅದನ್ನು ತಿಳಿಸುವ ಸಂದೇಶಕ್ಕೆ ಪುಟದಲ್ಲಿ ಜಾಗವನ್ನೇ ಇಟ್ಟಿರುವುದಿಲ್ಲ. ಇನ್ನೊಮ್ಮೆ ಎಲ್ಲ ಸೇವ್ ಆಗಿರುತ್ತದೆ, ಕೋಷ್ಟಕದಲ್ಲಿ ಮಾತ್ರ ಹಳೆಯದೇ ಕೂತಿರುತ್ತದೆ. ಆ ತುಂಡನ್ನು ಪರದೆಯ ಮೇಲೆ ಹೊಸದಾಗಿ ತೋರಿಸು ಎಂದು ಪ್ರೋಗ್ರಾಮಿಗೆ ಹೇಳಲು ಮರೆತಿರುತ್ತಾರೆ. ಇಂಥವೆಲ್ಲ ನಾಗಶ್ರೀಗೆ ನೀರು ಕುಡಿದಷ್ಟು ಸಲೀಸು. ಪಕ್ಕದ ಕುರ್ಚಿಯ ಗುರುಪ್ರಕಾಶ್ ‘ಅಕ್ಕಾ’ ಎಂದು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಹೇಳಿ ಮುಗಿಸಿರುತ್ತಾಳೆ. ಹಾಗೆ ಹೇಳಿ ಹೇಳಿ ಸ್ವಲ್ಪ ಜಂಬವೂ ಬಂದಿತ್ತು ಅನ್ನಿ.

ಕುಂತೂರಿನ ಕಡೆ ಕೆಲವು ಕಬ್ಬು ಬೆಳೆಗಾರರು ಸೇರಿ ತಮ್ಮದೇ ಒಂದು ಸಣ್ಣ ಸಂಘ ಮಾಡಿಕೊಂಡಿದ್ದರು. ಕಬ್ಬು ಕಡಿಯುವ ತಂಡ, ಸಾಗಿಸುವ ಟ್ರ್ಯಾಕ್ಟರು, ಎರಡೂ ಸಂಘದಿಂದಲೇ ಸರದಿ ಪ್ರಕಾರ ಹೊಲಗಳಿಗೆ ಹೋಗಬೇಕು. ಆ ಸರದಿಯ ಪ್ರೋಗ್ರಾಮ್ ಬರೆದವಳು ನಾಗಶ್ರೀ. ಸಂಘದ ಕೌಂಟರಿನಲ್ಲಿ ಕೂತು ಅದನ್ನು ನಡೆಸುವವಳು ಪ್ರೇಮಾ, ಆ ಊರಿನ ಸೊಸೆ. ರೈತನ ಹೆಸರು ಹುಡುಕಿ ಪುಟ ತೆರೆದು, ‘ಕಟಾವಿಗೆ ಕಳಿಸು’ ಎಂಬ ಬಟನ್ ಒತ್ತಿದರೆ ಮುಗಿಯಿತು. ಮರುದಿನ ತಂಡ ಅವನ ಹೊಲದಲ್ಲಿ ಇಳಿಯುತ್ತದೆ.

ಪ್ರೋಗ್ರಾಮ್ ಶುರುವಾದ ಹೊಸದರಲ್ಲೇ ಪುಟ್ಟಬಸಪ್ಪ ಎಂಬ ರೈತನ ಸರದಿ ಬಂತು. ಬೆಳಗಾಗೆದ್ದು ಬದುವಿನ ಮೇಲೆ ಕಾದು ನಿಂತ. ತಂಡ ಅವನ ಕಣ್ಣೆದುರೇ ಹಾದುಹೋಗಿ ಪ್ರಭುಸ್ವಾಮಿಯ ಕಬ್ಬಿಗೆ ಮಚ್ಚು ಹಾಕಿತು. ಪ್ರಭುಸ್ವಾಮಿ ಯಾರು? ಪ್ರೇಮಾಳ ಗಂಡನ ಚಿಕ್ಕಪ್ಪ. ಇನ್ನು ಕೇಳಬೇಕೆ! ಸೊಸೆ ತನ್ನವರ ಹೊಲಕ್ಕೆ ತಂಡ ತಿರುಗಿಸಿಬಿಟ್ಟಳು ಎಂದು ಟೀ ಅಂಗಡಿಯಲ್ಲೂ ಹಾಲಿನ ಡೇರಿಯಲ್ಲೂ ಅದೇ ಮಾತು. ಅಲ್ಲಿಂದ ತಂಡ ಹನೂರಿನ ಕಡೆ ಹೊರಟುಹೋಯಿತು. ಪುಟ್ಟಬಸಪ್ಪನ ಕಬ್ಬು ಹೂ ಒಡೆದು ಹೊಲದಲ್ಲೇ ಒಣಗತೊಡಗಿತು. ಅವನ ಹೊಟ್ಟೆ ಉರಿಯದೆ ಇನ್ನೇನಾದೀತು?

ಸಂಘದ ಅಧ್ಯಕ್ಷ ಮಹದೇವಯ್ಯನವರು ಕೊಳ್ಳೇಗಾಲಕ್ಕೆ ಫೋನ್ ಮಾಡಿದರು. ನಾಗಶ್ರೀ ತನ್ನ ಕುರ್ಚಿಯಲ್ಲೇ ಕೂತು ಸರ್ವರ್ ತೆರೆದು ನೋಡಿದಳು. ಪ್ರೇಮಾಳ ಲಾಗಿನ್, ಪ್ರಭುಸ್ವಾಮಿಯ ಹೊಲ, ಎಲ್ಲ ಸ್ಪಷ್ಟವಾಗಿತ್ತು. ತಾನೇ ಪುಟ ತೆರೆದು ಬಟನ್ ಒತ್ತಿ ಪರೀಕ್ಷಿಸಿದಳು. ಎಷ್ಟು ಸಲ ಒತ್ತಿದರೂ ಸರಿಯಾಗಿಯೇ ಬಂತು. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಒತ್ತಿದ್ದನ್ನೇ ಬರೆದುಕೊಂಡಿದೆ ಎಂದು ಅಧ್ಯಕ್ಷರಿಗೆ ಹೇಳಿ ಕೈ ತೊಳೆದುಕೊಂಡಳು. ಪ್ರೇಮಾಳ ಕುತ್ತಿಗೆಗೆ ಬಂದದ್ದೇ ಆ ಮಾತಿನಿಂದ. ಸೋಮವಾರ ಮಧ್ಯಾಹ್ನ ಸಭೆ ಸೇರಿ ಅವಳನ್ನು ಕೆಲಸದಿಂದ ತೆಗೆಯುವುದೆಂದು ನಿಶ್ಚಯವಾಯಿತು. ಹೊಸಬರು ಬಂದರೆ ಏನೇನು ಕಲಿಸಬೇಕು ನೋಡಿಕೊಂಡು ಬಾ ಎಂದು ಶಿವಕುಮಾರಸ್ವಾಮಿ ಅದೇ ಸೋಮವಾರ ಬೆಳಗ್ಗೆ ನಾಗಶ್ರೀಯನ್ನು ಅಲ್ಲಿಗೆ ಕಳಿಸಿದರು.

ಹೋದರೆ, ಪ್ರೇಮಾ ಎಂದಿನಂತೆ ಕೌಂಟರಿನಲ್ಲಿ ಕೂತಿದ್ದಳು. ಮುಖ ಬಾಡಿತ್ತು. ಕೆಲಸ ಮಾತ್ರ ನಿಲ್ಲಿಸಿರಲಿಲ್ಲ. ಬನ್ನಿ ಕೂತ್ಕೊಳ್ಳಿ ಎಂದು ಕುರ್ಚಿ ಎಳೆದುಕೊಟ್ಟಳು. ಬಯ್ದಿದ್ದರೆ ವಾಸಿಯಿತ್ತೇನೋ ಎಂದು ನಾಗಶ್ರೀಗೆ ಅನ್ನಿಸಿತು. ಆಮೇಲೆ ಪ್ರೇಮಾ ದನಿ ತಗ್ಗಿಸಿ ಒಂದೇ ಮಾತು ಹೇಳಿದಳು:

“ಅಕ್ಕಾ, ನಾ ಒತ್ತಿದ್ದು ಪುಟ್ಟಬಸಪ್ಪಣ್ಣನ ಎಸ್ರಿಗೇ. ಯಾರೂ ನಂಬ್ನಿಲ್ಲ.”

ನಾಗಶ್ರೀ ಲ್ಯಾಪ್‌ಟಾಪ್ ತೆರೆದು ಪ್ರೇಮಾ ಕೆಲಸ ಮಾಡುವುದನ್ನು ನೋಡುತ್ತ ಕೂತಳು.

ಮೊದಲು ಒಬ್ಬ ಯಜಮಾನರು ಬಂದರು, ಟವೆಲ್ಲಿನಿಂದ ಮುಖ ಒರೆಸುತ್ತ. ಪ್ರೇಮಾ ಅವರ ಹೆಸರು ಹುಡುಕಿ ಪುಟ ತೆರೆದಳು. ಆದರೆ ಬಟನ್ ಒತ್ತುವಂತಿಲ್ಲ. ಕಬ್ಬು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಫೀಲ್ಡ್‌ಮ್ಯಾನ್ ನಟರಾಜು ಹೊಲ ನೋಡಿ ಫೋನಿನಲ್ಲಿ ಹೇಳಬೇಕು. ಅಷ್ಟರಲ್ಲಿ ಇನ್ನೊಬ್ಬರು ಬಂದರು. ಅವರೂ ಹಿರಿಯರೇ. ತಡೀರಿ, ನಿಮಗಿಂತ ಮುಂದೆ ಇನ್ನೊಬ್ಬರಿದ್ದಾರೆ ಎಂದು ಊರಿನ ಸೊಸೆ ಊರಿನ ಹಿರಿಯರನ್ನು ನಿಲ್ಲಿಸುವುದುಂಟೆ? ಪ್ರೇಮಾ ಮೊದಲನೆಯವರ ಪುಟವನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು ಎರಡನೆಯವರ ಹೆಸರು ಹಾಕಿದಳು. ನಿಮ್ಮದೂ ಶುರುವಾಯ್ತು, ಕೂತ್ಕೊಳ್ಳಿ ಅಂದಳು. ಮೂರನೆಯವರು ಬಂದರು, ಮತ್ತೊಂದು ಟ್ಯಾಬ್. ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲಂಚಿನಲ್ಲಿ ಟ್ಯಾಬುಗಳು ಒತ್ತೊತ್ತಾಗಿ ಸಾಲು ಹಿಡಿದವು. ಬೆಂಚಿನ ಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸ ನಡೆಯುತ್ತಿದೆ ಎಂಬ ಸಮಾಧಾನದಲ್ಲಿ ಎಲೆ ಅಡಿಕೆ ಹಾಕಿಕೊಂಡು ಹರಟುತ್ತಿದ್ದರು. ಆಗ ಮೊದಲನೆಯವರ ಕಬ್ಬು ಹದಕ್ಕೆ ಬಂದಿದೆ ಎಂದು ನಟರಾಜು ಫೋನ್ ಮಾಡಿದ, ಪ್ರೇಮಾ ಅವರ ಹಳೇ ಟ್ಯಾಬಿಗೆ ಹಿಂದಕ್ಕೆ ಹೋಗಿ ಬಟನ್ ಒತ್ತಲು ಹೊರಟಳು.

ನಾಗಶ್ರೀ ಥಟ್ಟನೆ ಕುರ್ಚಿಯಿಂದ ಎದ್ದಳು.

ಯಾಕೆಂದರೆ, ಈಗ ಯಾವ ರೈತನ ಕೆಲಸ ನಡೆಯುತ್ತಿದೆ ಎಂಬುದನ್ನು ಅವಳ ಪ್ರೋಗ್ರಾಮ್ ಒಂದು ಲಾಗಿನ್ನಿಗೆ ಒಂದೇ ಕಡೆ ಇಟ್ಟುಕೊಳ್ಳುತ್ತಿತ್ತು. ಹೊಸ ಟ್ಯಾಬಿನಲ್ಲಿ ಎರಡನೆಯವರನ್ನು ತೆರೆದ ಕ್ಷಣ ಮೊದಲನೆಯವರು ಅಲ್ಲಿಂದ ಅಳಿಸಿಹೋಗುತ್ತಿದ್ದರು. ಹಳೇ ಟ್ಯಾಬಿನ ಪರದೆಯ ಮೇಲೆ ಮೊದಲನೆಯವರ ಹೆಸರೇ ಕಾಣುತ್ತಿರುತ್ತದೆ, ಒತ್ತಿದರೆ ಕಟಾವು ಮಾತ್ರ ಕೊನೆಗೆ ತೆರೆದವರ ಹೊಲಕ್ಕೆ! ಪುಟ್ಟಬಸಪ್ಪನ ಪುಟ ತೆರೆದ ಮೇಲೆ ಪ್ರಭುಸ್ವಾಮಿಯ ಪುಟ ತೆರೆದದ್ದಕ್ಕೇ ಅಂದು ಹಾಗಾಗಿತ್ತು. ಕೊಳ್ಳೇಗಾಲದಲ್ಲಿ ನಾಗಶ್ರೀ ಒಂದೇ ಟ್ಯಾಬ್ ತೆರೆದು, ಒಬ್ಬನದೇ ಕೆಲಸ ಮುಗಿಸಿ, ಎಲ್ಲ ಸರಿಯಿದೆ ಎಂದು ಬೀಗಿದ್ದಳು. ಈ ಫ್ರೇಮ್‌ವರ್ಕ್ ಕಲಿಯುವವರು ಮೊದಲ ವರ್ಷದಲ್ಲೇ ಎಡವುವ ಕಲ್ಲು ಇದು. ಗುರುಪ್ರಕಾಶ್ ಕೇಳಿದ್ದರೆ ಅವನ ಮಾತು ಮುಗಿಯುವ ಮೊದಲೇ ಹೇಳಿಬಿಡುತ್ತಿದ್ದಳು.

ಪ್ರೇಮಾಗೆ ಆ ಬಟನ್ ಒತ್ತಬೇಡ ಎಂದು ಕೈ ಹಿಡಿದು ನಿಲ್ಲಿಸಿದಳು. ತನ್ನ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಎರಡು ಸುಳ್ಳು ಹೆಸರುಗಳನ್ನು ಎರಡು ಟ್ಯಾಬಿನಲ್ಲಿ ತೆರೆದು, ಮೊದಲನೆಯದರಲ್ಲಿ ಒತ್ತಿದಳು. ಎರಡನೆಯವನಿಗೆ ಹೋಯಿತು. ಮತ್ತೆ ಒತ್ತಿದಳು, ಮತ್ತೆ ಅದೇ. ನಾಚಿಕೆಯಾಯಿತು, ಆದರೂ ಅಬ್ಬಾ ಎಂದು ನಿರಾಳವೂ ಆಯಿತು. ಪ್ರೇಮಾ ಸುಳ್ಳು ಹೇಳಿರಲಿಲ್ಲ.

ಸಭೆಗೆ ಇನ್ನೂ ಹೊತ್ತಿತ್ತು. ಹಿಂದಿನ ಗೊಬ್ಬರದ ಕೋಣೆಯಲ್ಲಿ ಮೂಟೆಯ ಮೇಲೆ ಕೂತು ಸರಿಪಡಿಸತೊಡಗಿದಳು. ಆಯ್ಕೆಯಾದ ರೈತ ಇನ್ನು ಮೇಲೆ ಲಾಗಿನ್ನಿಗೆ ಸೇರಬಾರದು, ಆಯಾ ಪುಟಕ್ಕೇ ಸೇರಬೇಕು. ಅದನ್ನು ಹೇಳುವ ಒಂದು ಪದ ಬದಲಿಸಿದರೆ ಸಾಕು. ಬದಲಿಸಿ ನೋಡಿದರೆ ಎಲ್ಲ ಪುಟವೂ ಬೋಳು ಬೋಳು! ಹೆಸರೂ ಇಲ್ಲ, ಹೊಲವೂ ಇಲ್ಲ. ಅಯ್ಯೋ ಶಿವನೇ ಎಂದು ತಲೆ ಹಿಡಿದುಕೊಂಡಳು. ಒಂದು ಲೋಟ ಟೀ ಕುಡಿದ ಮೇಲೆ ಹೊಳೆಯಿತು. ಆ ಪದ ಜಾವಾದ ಎರಡು ಕಡೆ ಒಂದೇ ಹೆಸರಿನಲ್ಲಿದೆ, ಒಂದು ಹಳೆಯದು, ಒಂದು ಹೊಸದು. ಆತುರದಲ್ಲಿ ಹಳೆಯದನ್ನು ಕರೆದುಕೊಂಡು ಬಂದಿದ್ದಳು. ಹೊಸದನ್ನು ಹಾಕಿ, ಒಂದಾದ ಮೇಲೊಂದು ಟ್ಯಾಬ್ ತೆರೆದು ಹಿಂದು ಮುಂದಾಗಿ ಒತ್ತಿದಳು. ಯಾರದು ಯಾರಿಗೆ ಹೋಗಬೇಕೋ ಅವರಿಗೇ ಹೋಯಿತು. ಆ ಗೊಬ್ಬರದ ಘಾಟಿನಲ್ಲೂ ಉಸಿರು ನೆಟ್ಟಗೆ ಆಡಿತು ಅವಳಿಗೆ.

ಸಭೆಯಲ್ಲಿ ಪುಟ್ಟಬಸಪ್ಪ ಎಲ್ಲರಿಗಿಂತ ಮುಂದೆ ಕೂತಿದ್ದ. ಪ್ರೇಮಾ ಬಾಗಿಲ ಬಳಿ ನಿಂತಿದ್ದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಶುರು ಮಾಡುವ ಮೊದಲೇ ನಾಗಶ್ರೀ ಎದ್ದು ನಿಂತಳು.

“ಪ್ರೇಮಾ ಸರಿಯಾಗಿಯೇ ಒತ್ತಿದ್ದಾರೆ. ತಪ್ಪು ನಾನು ಬರೆದ ಪ್ರೋಗ್ರಾಮಿನದು. ಅದರಲ್ಲಿ ತಪ್ಪಿಲ್ಲ ಅಂತ ನಿಮಗೆ ಫೋನಿನಲ್ಲಿ ಹೇಳಿದವಳೂ ನಾನೇ. ಇಲ್ಲಿಗೆ ಬಂದು ನೋಡದೆ ಹೇಳಿಬಿಟ್ಟೆ.”

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹಳೇ ಪ್ರೋಗ್ರಾಮಿನಲ್ಲಿ ಒತ್ತಿ ತೋರಿಸಿದಳು, ಆಮೇಲೆ ಹೊಸದರಲ್ಲಿ. ಮಹದೇವಯ್ಯನವರು ಕನ್ನಡಕ ಏರಿಸಿಕೊಂಡು ತಾವೇ ಒತ್ತಿ ನೋಡಿದರು. ಹಾಗಾದರೆ ಇನ್ನು ಮೇಲೆ ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರದು ತೆರೆಯಕೂಡದೆಂದು ಪ್ರೇಮಾಗೆ ಕಟ್ಟಪ್ಪಣೆ ಮಾಡೋಣ ಅಂದರು. ನಾಗಶ್ರೀ ಅದಕ್ಕೂ ಒಪ್ಪಲಿಲ್ಲ. ಅವರು ಮಾಡುವ ರೀತಿ ಚೆನ್ನಾಗಿದೆ, ಹಾಗೆಯೇ ಮಾಡಲಿ, ಬದಲಾಗಬೇಕಾದದ್ದು ಪ್ರೋಗ್ರಾಮು, ಅದು ಆಗಿದೆ ಎಂದಳು. ಹನೂರಿನ ಕಡೆ ಹೋದ ತಂಡವನ್ನು ಮರುದಿನವೇ ಕರೆಸುವುದೆಂದು ಅಧ್ಯಕ್ಷರು ಅಲ್ಲೇ ಫೋನ್ ಮಾಡಿದರು.

ಪುಟ್ಟಬಸಪ್ಪ ಎದ್ದು ಪ್ರೇಮಾ ನಿಂತಿದ್ದ ಬಾಗಿಲ ಬಳಿಗೆ ಹೋದ.

“ಎಲ್ಲಾರ ಮುಂದೆ ನಿನ್ನ ಕಳ್ಳಿ ಅಂದ್ಬುಟ್ಟೆ ಕಣವ್ವಾ. ಈಗ ಎಲ್ಲಾರ ಮುಂದೇ ಏಳ್ತೀನಿ, ತಪ್ಪಾಯ್ತು.”

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ಪ್ರೇಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ನಾಗಶ್ರೀ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟು, ಎಲ್ಲ ಮುಗಿಯಿತಲ್ಲ, ಇನ್ನೇಕೆ ಅಳು ಎಂದು ಸಮಾಧಾನ ಮಾಡಿದಳು. ಪ್ರೇಮಾ ಅಳುತ್ತಲೇ ನಕ್ಕಳು.

“ಕೆಲ್ಸ ಓಗೋದ್ಕೆ ಅಲ್ಲ ಕಣಕ್ಕಾ. ಎಲ್ಲಾರೂ ಏಳಿ ಏಳಿ, ನಾನೇ ಚಿಕ್ಕಪ್ಪನ ಎಸ್ರಿಗೆ ಒತ್ತಿರ್ಬೌದೇನೋ ಅಂತ ನಂಗೇ ಅನ್ಸೋಕೆ ಸುರುವಾಗಿತ್ತು. ನನ್ ಕೈನ ನಾನೇ ನಂಬ್ತಿರ್ನಿಲ್ಲ.”