ಅತ್ತೆಯ ಕೈಯಲ್ಲಿ ನನ್ನ ಕಾಲು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗೌರಿಬಿದನೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ನನ್ನವರು ಹೈಸ್ಕೂಲು ಮೇಷ್ಟ್ರು. ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಪೇಟೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅತ್ತೆ, ಮಾವ ನಗರಗೆರೆಯ ಪಕ್ಕದ ಹಳ್ಳಿಯಲ್ಲಿ ಜಮೀನು ನೋಡಿಕೊಂಡಿದ್ದರು.

ಆ ವರ್ಷ ನೌಕರರ ಕ್ರೀಡಾಕೂಟಕ್ಕೆ ಹೆಂಗಸರ ಖೋ ಖೋ ತಂಡ ಕಟ್ಟಿದಾಗ ಯಾರೂ ಕರೆಯುವ ಮೊದಲೇ ನಾನು ಕೈ ಎತ್ತಿದೆ. ಮೇಲೂರಿನಲ್ಲಿ ಓದುವಾಗ ನಾನು ಶಾಲೆಯ ತಂಡದಲ್ಲಿದ್ದೆ. ಅದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಎಷ್ಟು ಸಲ ಹೇಳಿದ್ದೆನೋ.

ಆಟದ ದಿನ ಬೆಳಿಗ್ಗೆ ಡ್ರಿಲ್ ಮಾಸ್ಟರೊಬ್ಬರು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೈದಾನ ಸುತ್ತಿಸಿದರು, ಪಾದ ತಿರುಗಿಸುವುದು, ಮಂಡಿ ಮಡಿಸುವುದು ಮಾಡಿಸಿದರು. ನಮ್ಮ ಟೈಪಿಸ್ಟ್ ಹುಡುಗಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದಳು. ನಾನು ಹೊಂಗೆ ಮರದ ನೆರಳಿನಲ್ಲಿ ಬರಿಗಾಲಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ.

"ಅಕ್ಕ, ಬನ್ನಿ, ಮೈ ಸ್ವಲ್ಪ ಬಿಸಿ ಮಾಡ್ಕೊಳ್ಳಿ" ಎಂದು ಅವಳು ಕರೆದಳು.

"ನಮ್ದೆಲ್ಲ ಆಡಿ ಪಳಗಿರೋ ಮೈ ಕಣಮ್ಮ. ನೀವು ಮಾಡ್ಕೊಳ್ಳಿ" ಎಂದೆ.

ಸೀರೆ ಎತ್ತಿ ಸಿಕ್ಕಿಸಿಕೊಂಡು ಮೈದಾನಕ್ಕಿಳಿದೆ. ಕಂಬವನ್ನು ಹಿಡಿದು ಸರ್ರನೆ ತಿರುಗುವಾಗ ಬಲಗಾಲು ತಗ್ಗಿಗೆ ಬಿದ್ದು ಪಾದ ಒಳಕ್ಕೆ ಮಡಚಿಕೊಂಡಿತು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಬಿದ್ದ ರಭಸಕ್ಕೆ ಸೀರೆ ತೊಡೆಯವರೆಗೆ ಸರಿದಿತ್ತು. ನೋವಿಗಿಂತ ಮೊದಲು ನನಗೆ ಕಂಡದ್ದು ಸುತ್ತ ಓಡಿಬರುತ್ತಿದ್ದ ಗಂಡಸರ ಪ್ಯಾಂಟುಗಳು. ಯಾರೋ ಮರದ ಕುರ್ಚಿ ತಂದರು. ನಾಲ್ಕು ಜನ ನನ್ನನ್ನು ಕುರ್ಚಿಯ ಸಮೇತ ಹೊತ್ತು, ಇಡೀ ತಾಲ್ಲೂಕಿನ ನೌಕರರ ಮುಂದೆ ಮೆರವಣಿಗೆ ಮಾಡಿದಂತೆ ಗೇಟಿನವರೆಗೆ ಒಯ್ದು ಜಟಕಾ ಹತ್ತಿಸಿದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದೆ.

"ಮೂಳೆ ಮುರಿದಿಲ್ಲ, ಉಳುಕಿದೆ. ಚೆನ್ನಾಗೇ ಉಳುಕಿದೆ" ಎಂದರು ಡಾಕ್ಟರು. ಊದಿದ ಕಡೆ ಐಸ್ ಇಡಬೇಕು, ಬ್ಯಾಂಡೇಜು ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಳ್ಳಬೇಕು, ಸದ್ಯಕ್ಕೆ ಎಣ್ಣೆ ಹಾಕಿ ತಿಕ್ಕುವುದಾಗಲಿ ಬಿಸಿನೀರಿನ ಶಾಖವಾಗಲಿ ಕೂಡದು. ಆಮೇಲೆ, ಅಷ್ಟರಲ್ಲಿ ಓಡಿಬಂದಿದ್ದ ನನ್ನವರ ಕಡೆ ತಿರುಗಿ, "ತಣ್ಣಗಿರೋ ಮೈಯನ್ನ ಒಂದೇ ಸಲಕ್ಕೆ ಓಡಿಸಿದ್ರೆ ಹಿಂಗೇ ಆಗೋದು ಮೇಷ್ಟ್ರೇ" ಎಂದರು. ಮರದ ಕೆಳಗೆ ನಿಂತು ಕುಡಿದ ಚಹಾ ನೆನಪಾಯಿತು.

ಮನೆಯಲ್ಲಿ ಫ್ರಿಜ್ ಇರಲಿಲ್ಲ. ನನ್ನವರು ಐಸ್ ಕ್ಯಾಂಡಿ ಗಾಡಿಯವನಿಂದ ಕೆಂಪು ಕ್ಯಾಂಡಿಗಳನ್ನು ಕೊಂಡು ಟವೆಲಿನಲ್ಲಿ ಸುತ್ತಿ ತಂದರು. ಸಂಜೆಯ ಹೊತ್ತಿಗೆ ನನ್ನ ಪಾದ ಕೆಂಪಾಗಿ, ಅಂಟಂಟಾಗಿ, ಇರುವೆ ಮುತ್ತಿಕೊಂಡಿತ್ತು.

ಸುದ್ದಿ ತಿಳಿದು ಮರುದಿನ ಬೆಳಗಿನ ಬಸ್ಸಿಗೇ ಅತ್ತೆ ಬಂದರು. ಕಡಲೆಕಾಯಿ ಕೀಳುವ ಕಾಲ. ಹೊಲದಲ್ಲಿ ಆಳುಗಳನ್ನು ಬಿಟ್ಟು ಬಂದಿದ್ದರು, ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣಿತ್ತು. ಯಾಕೆ ಆಡಲು ಹೋದೆ ಎಂದು ಕೇಳಲಿಲ್ಲ. ಚೀಲ ಇಟ್ಟು, ಕೈ ತೊಳೆದು, ನೇರವಾಗಿ ನನ್ನ ಕಾಲ ಹತ್ತಿರ ಕೂತು ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ನಾನು ಹಿಂದಕ್ಕೆಳೆದುಕೊಳ್ಳಲು ಹೋಗಿ ನೋವಿಗೆ ಚೀರಿದೆ.

"ಬೇಡಿ ಅತ್ತೆ. ನೀವು ನನ್ನ ಕಾಲು ಮುಟ್ಟೋದಾ?"

"ಮುಟ್ದೇ ಬ್ಯಾಂಡೇಜು ಹೆಂಗಮ್ಮ ಕಟ್ಲಿ? ಸುಮ್ಕಿರು. ಏಂ ಕಾದು, ಏನೂ ಆಗಲ್ಲ."

ಅವರ ತವರು ಆಂಧ್ರದ ಗಡಿಯಾಚೆ. ಸಮಾಧಾನ ಹೇಳುವಾಗ ತೆಲುಗು ತಾನಾಗಿ ಬರುತ್ತಿತ್ತು.

ಹಬ್ಬಕ್ಕೆ ಹೋದಾಗಲೆಲ್ಲ ನಾನು ಬಗ್ಗಿ ಮುಟ್ಟುತ್ತಿದ್ದುದು ಅವರ ಕಾಲನ್ನು. ಈಗ ಅವರು ದಿನವೂ ನನ್ನ ಪಾದ ಒರೆಸಿ, ಬೆರಳಿನಿಂದ ಶುರುಮಾಡಿ ಮೇಲಿನವರೆಗೆ ಬ್ಯಾಂಡೇಜು ಸುತ್ತುತ್ತಿದ್ದರು. ನನ್ನ ಒಡೆದ ಹಿಮ್ಮಡಿ ಅವರ ಸೀರೆಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ನನ್ನವರು ಹಳೆಯ ಬೆತ್ತದ ಕುರ್ಚಿಯ ನಡುವಿನ ಬೆತ್ತ ಕತ್ತರಿಸಿ ಕೆಳಗೆ ಬಕೆಟ್ ಇಟ್ಟರು. ಆ ಬಕೆಟ್ ಎತ್ತುತ್ತಿದ್ದವರು ಅತ್ತೆ. ಅವರು ಹಿತ್ತಿಲ ಕಡೆ ನಡೆಯುವಾಗ ನಾನು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಅಕ್ಕಪಕ್ಕದವರು ನೋಡಲು ಬಂದರು. "ಆಟ ಆಡೋಕೆ ಹೋಗಿ ಬಿದ್ರಂತೆ?" ಎಂದು ಒಬ್ಬಾಕೆ ನಗು ಅದುಮಿಕೊಂಡು ಕೇಳಿದರು.

"ಆಡಿದ್ರೆ ತಾನೇ ಬೀಳೋದು? ಕಾಫಿ ಕುಡೀತೀರಾ?" ಎಂದರು ಅತ್ತೆ.

ನನ್ನ ಪರ ವಹಿಸಿದ್ದಕ್ಕೆ ಸಂತೋಷವಾಗುವ ಬದಲು ಇನ್ನೂ ಕುಗ್ಗಿಹೋದೆ. ಬೇಗ ಎದ್ದು ಓಡಾಡಿಬಿಟ್ಟರೆ ಇವರಿಗೆ ಬಿಡುಗಡೆ, ನನಗೂ ಬಿಡುಗಡೆ ಎಂದು ಹಗಲೆಲ್ಲ ಅದನ್ನೇ ಯೋಚಿಸುತ್ತಿದ್ದೆ. ಊತ ಇಳಿದಂತೆ ಕಂಡ ಒಂದು ದಿನ ಅತ್ತೆ ಅಂಗಡಿಗೆ ಹೋದರು. ನಾನು ಗೋಡೆ ಹಿಡಿದು ಅಂಗಳಕ್ಕೆ ಹೋದೆ. ನಲ್ಲಿಯಲ್ಲಿ ನೀರು ಬಂದಿತ್ತು. ಬಿಂದಿಗೆ ತುಂಬಿಸಿ ಸೊಂಟಕ್ಕೆ ಏರಿಸಿದೆ. ಒಂದು ಹೆಜ್ಜೆ ಇಟ್ಟೆ, ಎರಡನೆಯದಕ್ಕೆ ಅದೇ ಕಾಲು ಅದೇ ಕಡೆಗೆ ಮಡಚಿತು. ಬಿಂದಿಗೆ ಉರುಳಿದ ಸದ್ದಿಗೆ ಬೀದಿಯವರೆಲ್ಲ ಬಂದರು. ಅವರ ಹಿಂದೆಯೇ ಅತ್ತೆ.

ಅವರು ನನ್ನನ್ನು ಎಬ್ಬಿಸಿ ಒಳಗೆ ಮಲಗಿಸಿ, ಬಾಗಿಲು ಹಾಕಿದ ಮೇಲೆಯೇ ಬಾಯಿ ಬಿಟ್ಟರು.

"ನನ್ನ ಕೈಲಿ ಮಾಡಿಸ್ಕೊಳ್ಳೋದು ಅಷ್ಟು ಕಷ್ಟಾನೇನೇ ನಿಂಗೆ?"

ಅವರು ನನ್ನನ್ನು ಹಾಗೆ ಗದರಿದ್ದು ಅದೇ ಮೊದಲು.

"ನಾಚಿಕೆ ಆಗುತ್ತೆ ಅತ್ತೆ" ಎಂದೆ, ಅಳುತ್ತ.

"ಆಗ್ಲಿ. ನಾಚ್ಕೆ ಮಾಡ್ಕೊಂಡೇ ಮಲ್ಕೋ. ಕಾಲು ಮಾತ್ರ ಕೆಳಗಿಡಬ್ಯಾಡ."

ವಾಸಿಯಾಗುತ್ತಿದ್ದ ಕಾಲು ಮತ್ತೆ ಮೊದಲಿನ ಹಾಗೆ ಊದಿತು. ಕಡಲೆಕಾಯಿ ಅತ್ತೆಯಿಲ್ಲದೆಯೇ ಮನೆ ಸೇರಿತು. ಈ ಸಲ ನಾನು ಮಲಗಿದೆ. ನಾಚಿಕೆ ಹೋಗಲಿಲ್ಲ, ಆದರೆ ಕಾಲು ಎಳೆದುಕೊಳ್ಳುವುದನ್ನು ಬಿಟ್ಟೆ.

ನೋವು ಇಳಿದ ಮೇಲೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಪಾದಕ್ಕೆ ಟವೆಲು ಸಿಕ್ಕಿಸಿ ಎಳೆಯುವುದು, ಪಾದವನ್ನು ಗಾಳಿಯಲ್ಲಿ ತಿರುಗಿಸುವುದು, ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ಏಳುವುದು, ಕೊನೆಗೆ ಬರಿ ಬಲಗಾಲ ಮೇಲೆ ನಿಲ್ಲುವುದು. ಬಲ ಬರದೆ ಓಡಾಡಿದರೆ ಇದೇ ಕಾಲು ಪದೇ ಪದೇ ಉಳುಕುತ್ತದೆ ಎಂದರು. ನಾನು ಒಂಟಿಕಾಲಲ್ಲಿ ನಿಂತಾಗ ಅತ್ತೆ ಎರಡೂ ಕೈ ಚಾಚಿಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದರು, ಮಗು ನಡೆಯುವುದನ್ನು ಕಲಿಯುವಾಗ ನಿಲ್ಲುವಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಅವರು ನೆಲದಿಂದ ಏಳುವುದನ್ನು ನೋಡಿದೆ. ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ಅರ್ಧ ಎದ್ದು, ಅಲ್ಲೇ ತಡೆದು, ಆಮೇಲೆ ಪೂರ್ತಿ ಎದ್ದರು. ಇಷ್ಟು ದಿನ ನನ್ನ ಕಾಲಿಗಾಗಿ ಅವರು ಎಷ್ಟು ಸಲ ಹಾಗೆ ಕೂತು ಎದ್ದಿದ್ದರೋ. ಆಗೆಲ್ಲ ನಾನು ಗೋಡೆ ನೋಡುತ್ತಿದ್ದೆ.

"ಮಂಡಿ ನೋವಾ ಅತ್ತೆ? ತೋರಿಸಿ."

ಅವರು ಗಬಕ್ಕನೆ ಸೀರೆ ಕೆಳಕ್ಕೆಳೆದುಕೊಂಡರು. "ಬಿಡು ತಾಯಿ, ಹಳೇದು. ನಂಗೊಂಥರಾ ಆಗ್ತೈತೆ."

ನಾಚಿಕೆಯ ಬಗ್ಗೆ ಅವರು ನನಗೆ ಹೇಳಿದ ಮಾತನ್ನೇ ಅವರಿಗೆ ತಿರುಗಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಕರೆದುಕೊಂಡು ಹೋದೆ. ಅವರಿಗೂ ಒಂದು ವ್ಯಾಯಾಮ ಸಿಕ್ಕಿತು: ಕುರ್ಚಿಯಲ್ಲಿ ಕೂತು ಕಾಲನ್ನು ನೀಳವಾಗಿ ಚಾಚಿ ಹಿಡಿದುಕೊಳ್ಳುವುದು.

ಮುಂದಿನ ವರ್ಷದ ಕ್ರೀಡಾಕೂಟಕ್ಕೆ ಹೆಸರು ಕೊಡಲು ಹೆದರಿದೆ. ಟೈಪಿಸ್ಟ್ ಹುಡುಗಿಯೇ ಬರೆಸಿದಳು. ಕ್ಯಾನ್ವಾಸ್ ಶೂ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಮೈದಾನದ ತಗ್ಗುಗಳಿಗೆ ಮಣ್ಣು ತುಂಬಿಸಿ, ಬೆವರು ಬರುವವರೆಗೆ ಸುತ್ತಿದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಔಟಾದೆ. ಆದರೆ ನಡೆದುಕೊಂಡೇ ಹೊರಗೆ ಬಂದೆ.

ಆಮೇಲಿನ ಭಾನುವಾರ ಊರಿಗೆ ಹೋದಾಗ ಅತ್ತೆ ಇನ್ನೂ ಕುಂಟುತ್ತಿದ್ದರು. ವ್ಯಾಯಾಮ ಮಾಡುತ್ತೀರಾ ಎಂದು ಕೇಳಿದೆ.

"ಎಲ್ಲಮ್ಮ ಮಾಡ್ಲಿ? ಮನೆ ತುಂಬ ಆಳುಗಳು. ಹಿಂಗೆ ಕಾಲು ಚಾಚ್ಕೊಂಡು ಕೂತ್ರೆ ನಗಲ್ವಾ?"

ಕಾಳಿನ ಕೋಣೆಗೆ ಒಂದು ಕುರ್ಚಿ ಒಯ್ದಿಟ್ಟು ಅವರನ್ನು ಒಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ ನಾನು ಹೊರಗೆ ನಿಂತೆ. ಒಳಗಿನಿಂದ ಮೆಲ್ಲಗೆ ಎಣಿಸುವುದು ಕೇಳಿಸಿತು: ಒಕಟಿ, ರೆಂಡು, ಮೂಡು. ಅಷ್ಟರಲ್ಲಿ ಮಾವ ಹಗ್ಗ ಹುಡುಕಿಕೊಂಡು ಬಂದರು.

"ಅತ್ತೆ ಸೀರೆ ಬದಲಾಯಿಸ್ತಿದ್ದಾರೆ ಮಾವ" ಎಂದೆ.

ಅವರು ತಲೆಯಾಡಿಸಿ ಕೊಟ್ಟಿಗೆಯ ಕಡೆ ಹೋದರು. ಒಳಗೆ ನಿಂತುಹೋಗಿದ್ದ ಎಣಿಕೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.