ನನ್ನದನ್ನು ಯಾರೂ ತಿದ್ದಲಿಲ್ಲ

ಬೀರುವಿನ ಬೀಗದ ಕೈಗೆ ನನ್ನ ಹೆಂಡತಿ ಒಂದು ನೀಲಿ ಪಟ್ಟಿ ಕಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಅದನ್ನು ತಿರುಗಿಸಿ ನೋಡಿದರೆ 'ಮಾರ್ಗದರ್ಶಕರು' ಎಂದು ಅಚ್ಚಾಗಿತ್ತು. ಹಿಂದೊಮ್ಮೆ ಅದನ್ನು ಕೊರಳಿಗೆ ಹಾಕಿಕೊಂಡು ನಾನು ಎರಡು ದಿನ ಎದೆಯುಬ್ಬಿಸಿ ತಿರುಗಿದ್ದೆ. ಈಗ ಅದರ ಯೋಗ್ಯತೆಗೆ ತಕ್ಕ ಕೆಲಸವೇ ಸಿಕ್ಕಿದೆ ಅನ್ನಿ. ನಗು ಬರಬೇಕಾಗಿತ್ತು, ಬರಲಿಲ್ಲ. ಹಳೆಯ ಹೊಟ್ಟೆಕಿಚ್ಚು ಒಳಗೆ ಸಣ್ಣಗೆ ಎದ್ದು ಕೂತಿತು. ಬೇಸರ, ಅಸಮಾಧಾನ ಎಂದೆಲ್ಲ ಅದಕ್ಕೆ ಮರ್ಯಾದಸ್ಥ ಹೆಸರಿಡಲು ನನಗಿಷ್ಟವಿಲ್ಲ. ಹೊಟ್ಟೆಕಿಚ್ಚೇ ಅದು, ಅದೂ ಅಸ್ಮಾ ಮೇಡಂ ಮೇಲೆ.

ನಾನು ಹುಣಸೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಅಸ್ಮಾ ಪಿರಿಯಾಪಟ್ಟಣದಲ್ಲಿ ಅದೇ ಪಾಠ ಹೇಳುವವರು, ನನಗಿಂತ ಬಹಳ ಚಿಕ್ಕವರು. ಎರಡು ವರ್ಷದ ಹಿಂದೆ ಕೆ.ಆರ್. ನಗರದಲ್ಲಿ ಸುತ್ತಲ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಹ್ಯಾಕಥಾನ್ ನಡೆದಾಗ ನಮ್ಮಿಬ್ಬರನ್ನೂ ಒಂದೇ ತಂಡಕ್ಕೆ ಮಾರ್ಗದರ್ಶಕರಾಗಿ ಹಾಕಿದರು. ಹ್ಯಾಕಥಾನ್ ಎಂದರೆ ಗಾಬರಿ ಬೀಳಬೇಡಿ. ಒಂದು ಕಡೆ ಗುಂಪಾಗಿ ಕೂತು, ಜನರಿಗೆ ಉಪಯೋಗಕ್ಕೆ ಬರುವ ಏನಾದರೊಂದು ಆ್ಯಪನ್ನು ಎರಡು ದಿನದಲ್ಲಿ ಬರೆದು ಮುಗಿಸುವುದು, ಅಷ್ಟೆ. ಭತ್ತದ ಸೀಮೆ ನೋಡಿ, ಊಟಕ್ಕೇನೂ ಕೊರತೆಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಭಾಂಗಣ ತೂಕಡಿಸುತ್ತಿತ್ತು. ನಾನೂ ಅದರಲ್ಲೊಬ್ಬ.

ನಮ್ಮ ತಂಡ ಆರಿಸಿಕೊಂಡದ್ದು ಆನೆಯ ಸಮಾಚಾರ. ವೀರನಹೊಸಹಳ್ಳಿ ಕಡೆ ಆನೆ ರಸ್ತೆಗಿಳಿದರೆ ಸುದ್ದಿ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತದೆ. ಯಾವುದು ಈಗಿನದು, ಯಾವುದು ನಿನ್ನೆಯದು ಎಂದು ತಿಳಿಯುವುದಿಲ್ಲ. ಎಲ್ಲ ಸುದ್ದಿ ಒಂದೇ ಕಡೆ ಸೇರಿ, ಹೊಸದು ಮೇಲೆ ಕಂಡರೆ ಬೈಕು ಹೊರಡಿಸುವವನ ಜೀವ ಉಳಿಯುತ್ತದೆ.

ಇದನ್ನು ಓಪನ್ ಸೋರ್ಸ್ ಆಗಿ ಬರೆಯಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಅದರ ಬಗ್ಗೆ ಭಾಷಣ ಮಾಡಿದವನೂ ನಾನೇ. ಬರೆದದ್ದನ್ನು ಬಚ್ಚಿಡುವ ಹಾಗಿಲ್ಲ, ಯಾರು ಬೇಕಾದರೂ ಓದಬಹುದು, ಯಾರದ್ದನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು ಎಂದೆ. ಮದುವೆ ಮನೆಯ ಸಾರಿನ ಹಾಗೆ, ಸೌಟು ಹಿಡಿದವರೆಲ್ಲ ರುಚಿ ನೋಡಿ ಉಪ್ಪು ಸಾಲದು ಅನ್ನಬಹುದು ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು.

ದಾರಿ ತೋರಿಸಲೆಂದು ನಾವಿಬ್ಬರೂ ಒಂದೊಂದು ಭಾಗ ಬರೆದುಕೊಟ್ಟೆವು. ಬಂದ ಸುದ್ದಿಯನ್ನು ತೆಗೆದುಕೊಳ್ಳುವ ಭಾಗ ಅಸ್ಮಾ ಅವರದು, ಅದನ್ನು ಸಾಲಾಗಿ ಜೋಡಿಸುವ ಭಾಗ ನನ್ನದು. ಅಸ್ಮಾ ಮಾತಾಡುತ್ತಲೇ ಬರೆಯುವವರು. ಅವರ ಭಾಗದಲ್ಲಿ ತಪ್ಪು ಬೇಕಾದಷ್ಟಿತ್ತು. ನನ್ನದು ನೀಟಾಗಿತ್ತು, ಒಂದೊಂದು ಸಾಲಿಗೂ ವಿವರಣೆ ಇತ್ತು. ಆದರೆ ಹುಡುಗರೆಲ್ಲ ಅಸ್ಮಾ ಅವರ ಮೇಜಿನ ಸುತ್ತ! ಅಕ್ಕ ಇಲ್ಲಿ ತಪ್ಪು, ಅಕ್ಕ ಅಲ್ಲಿ ತಪ್ಪು ಎಂದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅಸ್ಮಾ ತಲೆ ಚಚ್ಚಿಕೊಂಡು ನಗುತ್ತಾ ಒಂದೊಂದನ್ನೂ ಒಪ್ಪಿಕೊಳ್ಳುತ್ತಿದ್ದರು. ನನ್ನ ಮೇಜಿನ ಹತ್ತಿರ ಬಂದವರು ಮಾತ್ರ ನಿಂತೇ ನೋಡಿ, ಸೂಪರ್ ಸಾ ಅಂದು ಹೋಗುತ್ತಿದ್ದರು. ಮೊದಲ ದಿನ ಮಧ್ಯಾಹ್ನದವರೆಗೆ ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಸಂಜೆ ಅಸ್ಮಾ ಬಂದು, "ಸಾರ್, ನನ್ನದು ಪೂರ್ತಿ ಅವರದೇ ಆಗೋಯ್ತು ನೋಡಿ" ಅಂದಾಗ ಆ ದನಿಯಲ್ಲಿದ್ದ ಸಂಭ್ರಮ ಕಂಡು ಹೊಟ್ಟೆ ಉರಿಯಿತು. ತಪ್ಪು ಮಾಡಿದವರಿಗೆ ಇಷ್ಟು ಪ್ರೀತಿಯೇ? ನನಗೆ ಬೇಕಾಗಿದ್ದದ್ದೂ ಅದೇ. ಆ ಗುಂಪು ನನ್ನ ಮೇಜಿಗೂ ಬಂದು ಒರಗಬೇಕಿತ್ತು, ನನ್ನ ಬರವಣಿಗೆಯೊಳಗೂ ಅವರ ಕೈ ಆಡಬೇಕಿತ್ತು.

ಎರಡನೆಯ ದಿನ ತೀರ್ಪುಗಾರರು ಬರುವ ಮುಂಚೆ ಎಲ್ಲವನ್ನೂ ಒಪ್ಪ ಮಾಡೋಣವೆಂದು ಕೂತೆ. ನನ್ನ ಭಾಗದ ಕೆಳಗೆ ಯಾರೋ ನಾಲ್ಕಾರು ಸಾಲು ಸೇರಿಸಿದ್ದರು. ಜೋಡಿಸಿದ ಪಟ್ಟಿಯನ್ನು ಸುಮ್ಮನೆ ತಲೆಕೆಳಗು ಮಾಡುವುದಷ್ಟೇ ಅದರ ಕೆಲಸ. ಮಕ್ಕಳ ಹುಡುಗಾಟ ಅಂದುಕೊಂಡು ಕಿತ್ತುಹಾಕಿದೆ. ತೀರ್ಪುಗಾರರ ಮುಂದೆ ಆ್ಯಪ್ ತೆರೆದಾಗ ಹಿಂದಿನ ದಿನ ಬೆಳಗಿನ ಆನೆ ಎಲ್ಲಕ್ಕಿಂತ ಮೇಲೆ ನಿಂತಿತ್ತು. ಅವರಲ್ಲೊಬ್ಬರು ಕನ್ನಡಕ ಸರಿಮಾಡಿಕೊಂಡು, ಈ ಆನೆ ನಿನ್ನೆಯಿಂದ ಅಲ್ಲೇ ಇದೆಯೇ ಎಂದು ವಿಚಾರಿಸಿದರು. ಗಾವಡಗೆರೆಯ ಚಂದನ, ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ, ಸರ್ರನೆ ಬಂದು ಆ ಸಾಲುಗಳನ್ನು ಮತ್ತೆ ಸೇರಿಸಿದಳು. ಆನೆ ಕೆಳಗಿಳಿಯಿತು.

ಆಮೇಲೆ ಅವಳನ್ನು ವರಾಂಡಕ್ಕೆ ಕರೆದು ಕೇಳಿದೆ.

"ನಿಮ್ದ್ರಲ್ಲಿ ಅಳೇದು ಮೇಲ್ ಬತ್ತಿತ್ತು ಸಾ. ಅದ್ಕೇ ಕೆಳಗಡೆ ನಾವು ತಿರುಗ್ಸಿ ಆಕಿದ್ವಿ" ಅಂದಳು.

"ನನ್ನದನ್ನೇ ತಿದ್ದಬಹುದಿತ್ತಲ್ಲವ್ವ?"

"ನೀವು ಬರ್ದಿದ್ದನ್ನ ನಾವು ತಿದ್ದಕಾಯ್ತದಾ ಸಾ?"

ಮೇಡಂ ಬರೆದದ್ದನ್ನು ತಿದ್ದಿದಿರಲ್ಲ ಎಂದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ಅವ್ರು ಅಕ್ಕ ಅಲ್ವಾ ಸಾ" ಅಂದಳು.

ನಮ್ಮ ಕಡೆಯ ಮಕ್ಕಳು ಹೀಗೆಯೇ. ಮೇಷ್ಟ್ರ ತಪ್ಪನ್ನು ಮುಟ್ಟುವುದಿಲ್ಲ, ಅದಕ್ಕೊಂದು ಸುತ್ತುದಾರಿ ಹಾಕಿಕೊಂಡು ಹೋಗುತ್ತಾರೆ. ಅಷ್ಟು ಮರ್ಯಾದೆ. ಆ ಮರ್ಯಾದೆ ಹೊತ್ತುಕೊಂಡು ಬಿಳಿಕೆರೆ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಮನೆಗೆ ಬಂದೆ.

ತಪ್ಪನ್ನು ನಾನೇ ತಿದ್ದಬಹುದಿತ್ತು, ಒಂದು ಲೋಟ ಕಾಫಿ ಆರುವುದರೊಳಗೆ ಆಗುವ ಕೆಲಸ. ತಿದ್ದಲಿಲ್ಲ. ಅವರೇ ತಿದ್ದಲಿ ಎಂಬ ಹಟ. ಆ್ಯಪ್ ಹೇಗೂ ನಡೆಯುತ್ತಿತ್ತು, ನನ್ನ ತಪ್ಪು ಮತ್ತು ಅವರ ಸುತ್ತುದಾರಿ ಎರಡೂ ಅದರೊಳಗೆ ಹಾಗೇ ಉಳಿದವು. ಆಗಾಗ ತೆಗೆದು ನೋಡುತ್ತಿದ್ದೆ. ಅಸ್ಮಾ ಅವರ ಭಾಗಕ್ಕೆ ಹೊಸ ತಿದ್ದುಪಡಿಗಳು ಬರುತ್ತಲೇ ಇದ್ದವು. ನನ್ನದು ಮುಟ್ಟುವವರಿಲ್ಲದೆ ನೀಟಾಗಿಯೇ ಇತ್ತು.

ಇವತ್ತು ಆ ಪಟ್ಟಿ ಕೈಯಲ್ಲಿ ಹಿಡಿದು ನಿಂತಾಗ, ಇನ್ನೆಷ್ಟು ದಿನ ಕಾಯುತ್ತೀಯೋ ಮಾರಾಯ ಎಂದು ನನಗೇ ಅನ್ನಿಸಿತು. ಚಂದನ ಈಗ ಮೈಸೂರಿನಲ್ಲಿ ಮುಂದೆ ಓದುತ್ತಿದ್ದಾಳೆ, ಆ್ಯಪನ್ನು ನೋಡಿಕೊಳ್ಳುತ್ತಿರುವವಳೂ ಅವಳೇ. ಫೋನ್ ಮಾಡಿದೆ. ಕ್ಷೇಮ ಸಮಾಚಾರ ಮುಗಿದ ಮೇಲೆ, ನನ್ನ ತಪ್ಪನ್ನು ನೀನೇ ತಿದ್ದಿಕೊಡಬೇಕು ಅಂದೆ.

"ಅಕ್ಕಂಗೆ ಯಾವಾಗ್ಲೋ ಕೇಳಿದ್ದೆ ಸಾ, ತಿದ್ಲಾ ಅಂತ. ಅವರಾಗೇ ಕೇಳ್ತಾರೆ, ಅಲ್ಲೀಗಂಟ ಸುಮ್ನಿರು ಅಂದಿದ್ರು."

ನೋಡಿದಿರಾ? ಇದರಲ್ಲೂ ಅಸ್ಮಾ ನನಗಿಂತ ಮುಂದೆ. ಹೊಟ್ಟೆಕಿಚ್ಚು ಇನ್ನೊಮ್ಮೆ ಎದ್ದು ಕೂತಿತು. ಆದರೆ ಅದನ್ನು ಅನುಭವಿಸಲು ಚಂದನ ಪುರುಸೊತ್ತು ಕೊಡಲಿಲ್ಲ. ಕಂಪ್ಯೂಟರ್ ತೆಗೆಯಿರಿ ಅಂದಳು, ತೆಗೆದೆ. ಅದೊಂದೇ ಅಲ್ಲ, ದಿನಾಂಕ ಓದುವ ಕಡೆಯೂ ಎಡವಟ್ಟಾಗಿದೆ, ವಿವರಣೆ ಜಾಸ್ತಿಯಾಗಿ ಓದಲು ತಲೆನೋವು ಎಂದು ಶುರುಮಾಡಿದಳು. ನಾನು ಬಾಯಿ ಹಾಕಿದರೆ, ಇರಿ, ಮೊದಲು ಪೂರ್ತಿ ಕೇಳಿ ಎಂದು ಗದರಿದಳು. ಮಾತಿನ ನಡುವೆ ಎಲ್ಲೋ ಅವಳ ಬಾಯಿಂದ 'ಸಾ' ಬಿದ್ದುಹೋಗಿತ್ತು. ನಾನು ಉಸಿರು ಬಿಗಿಹಿಡಿದು ಕೇಳುತ್ತಾ ಕೂತೆ, ಅದು ಅವಳಿಗೆ ನೆನಪಾಗದಿರಲಿ ಎಂದು.